ಗೇಟಿನಲ್ಲಿ ಬರೆದ ಒಂದು ಲೆಕ್ಕ

ಲಿಡ್ಲ್ ಎಂಬುದು ಯುರೋಪಿನ ಊರೂರಿನಲ್ಲೂ ಮಳಿಗೆ ಇರುವ ಜರ್ಮನಿಯ ದಿನಸಿ ಕಂಪನಿ. ಸಾವಿರಾರು ಅಂಗಡಿ, ದಿನವೂ ಲಕ್ಷಾಂತರ ಗಿರಾಕಿಗಳು. ಅಷ್ಟೂ ಅಂಗಡಿಗಳ ದಾಸ್ತಾನನ್ನು ಅದು ತಾನೇ ಬರೆಸಿಕೊಂಡಿದ್ದ ಹಳೆಯ ತಂತ್ರಾಂಶದಲ್ಲಿ ನೋಡಿಕೊಳ್ಳುತ್ತಿತ್ತು. 2011ರಲ್ಲಿ ಅದನ್ನು ತೆಗೆದು, ತನ್ನ ರಾಜ್ಯದವರೇ ಆದ ಎಸ್‌ಎಪಿ ಕಂಪನಿಯ ತಂತ್ರಾಂಶ ಹಾಕಲು ಹೊರಟಿತು. ಏಳು ವರ್ಷ ಕೆಲಸ ನಡೆಯಿತು. ಸುಮಾರು 50 ಕೋಟಿ ಯೂರೊ ಖರ್ಚಾಯಿತೆಂದು ಜರ್ಮನ್ ಪತ್ರಿಕೆಗಳು ಬರೆದವು. 2018ರ ಜುಲೈನಲ್ಲಿ ಲಿಡ್ಲ್ ಇಡೀ ಯೋಜನೆಯನ್ನು ಕೈಬಿಟ್ಟು ಹಳೆಯ ತಂತ್ರಾಂಶಕ್ಕೇ ಮರಳಿತು.

ಅಷ್ಟು ಹಣ ಮುಳುಗಿಸಿದ ತೊಡಕುಗಳಲ್ಲಿ ಎದ್ದು ಕಂಡದ್ದು ಒಂದು ಪ್ರಶ್ನೆ. ಅಂಗಡಿಯಲ್ಲಿರುವ ಸರಕನ್ನು ಯಾವ ಬೆಲೆಗೆ ಲೆಕ್ಕ ಹಿಡಿಯಬೇಕು? ಲಿಡ್ಲ್ ಮೊದಲಿನಿಂದಲೂ ಕೊಂಡ ಬೆಲೆಗೆ ಹಿಡಿಯುತ್ತ ಬಂದಿತ್ತು. ಎಸ್‌ಎಪಿಯ ಮಳಿಗೆ ತಂತ್ರಾಂಶವನ್ನು ಮಾರುವ ಬೆಲೆಗೆ ಹಿಡಿಯುವಂತೆ ಕಟ್ಟಲಾಗಿತ್ತು. ಎರಡೂ ತಪ್ಪಲ್ಲ, ಎರಡೂ ಬಗೆಯ ವ್ಯಾಪಾರಿಗಳು ನಮ್ಮ ಚಿಕ್ಕಪೇಟೆಯಲ್ಲೂ ಸಿಗುತ್ತಾರೆ. ಆದರೆ ಒಂದೇ ಲೆಕ್ಕದ ಪುಸ್ತಕದಲ್ಲಿ ಎರಡೂ ನಡೆಯುವುದಿಲ್ಲ. ಲಿಡ್ಲ್ ತನ್ನ ರೂಢಿ ಬಿಡಲಿಲ್ಲ, ತಂತ್ರಾಂಶವನ್ನೇ ತಿದ್ದಿಸಿತು. ಒಂದು ತಿದ್ದುಪಡಿ ಮತ್ತೊಂದನ್ನು ಬೇಡಿತು, ಅದು ಇನ್ನೊಂದನ್ನು. ಕೊನೆಗೆ ಹೊಸದು ಹಳೆಯದಕ್ಕಿಂತ ನಿಧಾನವೂ ದುಬಾರಿಯೂ ಆಗುವ ಹಂತಕ್ಕೆ ಬಂದು ನಿಂತಿತು.

ಈ ಬಗೆಯ ತಂತ್ರಾಂಶವನ್ನು ಜಗತ್ತು ಇಆರ್‌ಪಿ ಎನ್ನುತ್ತದೆ. ಬಿಡಿಸಿ ಹೇಳಿದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್; ಕನ್ನಡದಲ್ಲಿ ಉದ್ಯಮ ಸಂಪನ್ಮೂಲ ಯೋಜನೆ ಎಂದು ಬರೆಯಬಹುದಾದರೂ ಪೀಣ್ಯದಲ್ಲಾಗಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಯಾರ ಬಾಯಲ್ಲೂ ಆ ಮಾತು ಬರುವುದಿಲ್ಲ. ಹೆಸರಿನಲ್ಲಿ ಯೋಜನೆ ಇದೆ, ಸಂಪನ್ಮೂಲ ಇದೆ. ನಿಜಕ್ಕೂ ಅದರೊಳಗೆ ಇರುವುದು ಒಂದು ಒಪ್ಪಂದ: ಕಂಪನಿಯಲ್ಲಿ ನಡೆದ ಪ್ರತಿಯೊಂದು ಸಂಗತಿಯನ್ನೂ ಒಬ್ಬರು ಒಂದೇ ಸಲ ಬರೆಯಬೇಕು, ಉಳಿದವರೆಲ್ಲ ಅದನ್ನೇ ನಂಬಬೇಕು. ಕಳೆದ ಅರವತ್ತು ವರ್ಷಗಳ ಇಆರ್‌ಪಿಯ ಏಳುಬೀಳುಗಳನ್ನೆಲ್ಲ ಈ ಒಂದು ಒಪ್ಪಂದದ ಸುತ್ತ ನೋಡಬಹುದು.

ಒಂದು ಕಾರ್ಖಾನೆಯ ಗೇಟನ್ನು ಕಣ್ಣ ಮುಂದೆ ತಂದುಕೊಳ್ಳೋಣ. 500 ಬೇರಿಂಗ್‌ಗಳಿಗೆ ಆರ್ಡರ್ ಹೋಗಿದೆ, ಲಾರಿಯಲ್ಲಿ ಬಂದಿರುವುದು 480. ಹಳೆಯ ಕ್ರಮದಲ್ಲಿ ಗೇಟಿನ ಸೆಕ್ಯುರಿಟಿಯವರು ತಮ್ಮ ರಿಜಿಸ್ಟರ್‌ನಲ್ಲಿ ಲಾರಿ ನಂಬರ್ ಬರೆದುಕೊಳ್ಳುತ್ತಾರೆ. ಸ್ಟೋರ್ಸ್‌ನವರು ಎಣಿಸಿ ಬಿನ್ ಕಾರ್ಡಿನಲ್ಲಿ 480 ಬರೆಯುತ್ತಾರೆ. ಪರ್ಚೇಸ್ ವಿಭಾಗದ ಫೈಲಿನಲ್ಲಿ 500ರ ಆರ್ಡರ್ ಹಾಗೆಯೇ ಕೂತಿರುತ್ತದೆ. ಅಕೌಂಟ್ಸ್‌ಗೆ ಬಂದ ಬಿಲ್ಲಿನಲ್ಲೂ 500. ಒಂದೇ ಸರಕಿಗೆ ನಾಲ್ಕು ಪುಸ್ತಕ, ನಾಲ್ಕು ಕೈಬರಹ. ತಿಂಗಳ ಕೊನೆಗೆ ಯಾರೋ ಒಬ್ಬರು ನಾಲ್ಕನ್ನೂ ತಾಳೆ ನೋಡಲು ಕೂತಾಗ 20 ಬೇರಿಂಗ್‌ಗಳ ಹುಡುಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಬಿಲ್ ಚುಕ್ತಾ ಆಗಿರುತ್ತದೆ.

ಇಆರ್‌ಪಿ ಇರುವಲ್ಲಿ ಸ್ಟೋರ್ಸ್‌ನವರು ಒಂದು ಪರದೆಯಲ್ಲಿ ಆರ್ಡರ್ ನಂಬರ್ ಹಾಕಿ, ಬಂದದ್ದು 480 ಎಂದು ಬರೆದು ಸೇವ್ ಒತ್ತುತ್ತಾರೆ. ಅದೇ ಕ್ಷಣದಲ್ಲಿ ದಾಸ್ತಾನಿನಲ್ಲಿ 480 ಏರುತ್ತದೆ, ಸರಕಿನ ಖಾತೆಗೆ ಅಷ್ಟರ ಬೆಲೆ ಸೇರುತ್ತದೆ, ಪೂರೈಕೆದಾರರಿಗೆ ಕೊಡಬೇಕಾದದ್ದು ಅಷ್ಟೇ ಎಂದು ದಾಖಲಾಗುತ್ತದೆ, ಆರ್ಡರಿನಲ್ಲಿ 20 ಬಾಕಿ ಎಂದು ಕಾಣುತ್ತದೆ. ಮರುದಿನದ ಉತ್ಪಾದನೆ ನಿರ್ಧರಿಸುವವರಿಗೆ ಬೇರಿಂಗ್ ಬಂದಿರುವುದು ತಿಳಿಯುತ್ತದೆ. 500ರ ಬಿಲ್ ಬಂದಾಗ ಆರ್ಡರ್, ಬಂದ ಸರಕು, ಬಿಲ್ ಈ ಮೂರೂ ಹೊಂದುವುದಿಲ್ಲವೆಂದು ತಂತ್ರಾಂಶ ಹಣವನ್ನು ತಡೆಹಿಡಿಯುತ್ತದೆ. ಗುಮಾಸ್ತರೊಬ್ಬರ ತಿಂಗಳ ಕೊನೆಯ ಸಂಕಟವನ್ನು ಗೇಟಿನಲ್ಲಿ ಒತ್ತಿದ ಒಂದು ಗುಂಡಿ ಕಳೆದಿದೆ.

ಅದರ ಜೊತೆಗೆ ಇನ್ನೊಂದು ಕೂಡ ಕಳೆದುಹೋಗಿದೆ. ಹಿಂದೆ ಸ್ಟೋರ್ಸ್‌ನವರಿಗೆ ತಮ್ಮದೇ ಆದ ಒಂದಿಷ್ಟು ಸ್ವಾತಂತ್ರ್ಯವಿತ್ತು. ಆರ್ಡರ್ ಕಾಗದ ಇನ್ನೂ ಬಂದಿಲ್ಲ, ಲೈನ್ ನಿಂತಿದೆ ಎಂದಾಗ ಚೀಟಿಯ ಮೇಲೆ ಬರೆದುಕೊಂಡು ಸರಕು ಇಳಿಸಿಕೊಳ್ಳುತ್ತಿದ್ದರು, ಕಾಗದಪತ್ರ ಆಮೇಲೆ ಸರಿಮಾಡಿಕೊಳ್ಳುತ್ತಿದ್ದರು. ಈಗ ಕರ್ನಾಟಕದ ಯಾವ ಕಾರ್ಖಾನೆ, ಬ್ಯಾಂಕು, ಕಚೇರಿಗೆ ಹೋದರೂ ಕಿವಿಗೆ ಬೀಳುವ ಮಾತೊಂದಿದೆ: ‘ಸಿಸ್ಟಂ ತಗೋತಾ ಇಲ್ಲ ಸಾರ್.’ ಎದುರಿಗೆ ಸರಕು ಇದೆ, ತಂದವರು ಇದ್ದಾರೆ, ಬೇಕಾದವರು ಇದ್ದಾರೆ. ಆದರೂ ಕೆಲಸ ನಿಂತಿದೆ. ಇಆರ್‌ಪಿಯ ಬಲ, ತೊಡಕು ಎರಡೂ ಈ ಮಾತಿನಲ್ಲಿ ಸೇರಿಕೊಂಡಿವೆ.

ಇದರ ಬೇರು ಕಂಪ್ಯೂಟರಿಗಿಂತ ಹಳೆಯದು. 1913ರಲ್ಲಿ ಫೋರ್ಡ್ ಹ್ಯಾರಿಸ್ ಎಂಬ ಅಮೆರಿಕದ ಎಂಜಿನಿಯರ್, ಒಂದು ಬಿಡಿಭಾಗವನ್ನು ಒಂದು ಸಲಕ್ಕೆ ಎಷ್ಟು ಮಾಡಿಟ್ಟುಕೊಂಡರೆ ಖರ್ಚು ಕಡಿಮೆ ಎಂಬುದಕ್ಕೆ ಗಣಿತದ ಸೂತ್ರ ಕೊಟ್ಟರು. ಮುಂದಿನ ಐವತ್ತು ವರ್ಷ ಕಾರ್ಖಾನೆಗಳ ಉಗ್ರಾಣಗಳು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆದವು. ಪ್ರತಿ ಸಾಮಾನಿಗೂ ಒಂದು ಕನಿಷ್ಠ ಮಟ್ಟ. ಅದಕ್ಕಿಂತ ಇಳಿದರೆ ಆರ್ಡರ್.

ಇದರಲ್ಲಿ ಒಂದು ದೋಷವಿತ್ತು: ಲೆಕ್ಕ ಹಾಕಬಹುದಾದ್ದನ್ನೂ ಊಹೆಯ ಮೇಲೆ ನಡೆಸುತ್ತಿದ್ದರು. ಅದನ್ನು ಅರಿಯಲು ನಮ್ಮ ಮದುವೆಮನೆಯ ಅಡುಗೆ ಭಟ್ಟರ ಬಳಿ ಹೋದರೆ ಸಾಕು. 800 ಜನಕ್ಕೆ ಊಟ, ಎಲೆಗೆ ಎರಡು ಹೋಳಿಗೆ ಎಂದು ಯಜಮಾನರು ಹೇಳುತ್ತಾರೆ. 1,600 ಹೋಳಿಗೆಗೆ ಎಷ್ಟು ಬೇಳೆ, ಎಷ್ಟು ಬೆಲ್ಲ, ಎಷ್ಟು ಮೈದಾ ಎಂದು ಭಟ್ಟರು ಊಹಿಸುವುದಿಲ್ಲ, ಲೆಕ್ಕ ಹಾಕುತ್ತಾರೆ. ಕಿಲೊ ಬೇಳೆಗೆ 40 ಹೋಳಿಗೆ ಎಂದು ಹಿಡಿದರೆ 40 ಕಿಲೊ. ಮನೆಯಲ್ಲಿ ಆಗಲೇ ಆರು ಕಿಲೊ ಇದೆ, ಹಾಗಾದರೆ ಅಂಗಡಿಯಿಂದ 34. ಬೇಳೆ ವಾರ ಮುಂಚೆ ಬರಲಿ, ತರಕಾರಿ ಹಿಂದಿನ ಸಂಜೆ, ಬಾಳೆ ಎಲೆ ರಾತ್ರಿಗೆ, ಹಾಲು ಬೆಳಗಿನ ಜಾವ. ಊಹೆ ಬೇಕಾಗುವುದು ಎಷ್ಟು ಜನ ಬರುತ್ತಾರೆ ಎಂಬ ಒಂದಕ್ಕೆ ಮಾತ್ರ. ಮಿಕ್ಕದ್ದೆಲ್ಲ ಅದರಿಂದಲೇ ಹೊರಡುವ ಗುಣಾಕಾರ, ವ್ಯವಕಲನ, ದಿನದ ಲೆಕ್ಕ.

ಚೆಕೊಸ್ಲೊವಾಕಿಯಾ ಮೂಲದ ಜೋಸೆಫ್ ಓರ್ಲಿಕಿ 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನಲ್ಲಿ, ಟ್ರ್ಯಾಕ್ಟರ್ ತಯಾರಿಸುವ ಜೆ.ಐ. ಕೇಸ್ ಕಂಪನಿಯಲ್ಲಿ ಮಾಡಿದ್ದು ಇದನ್ನೇ. ಟ್ರ್ಯಾಕ್ಟರ್‌ಗಳ ಬೇಡಿಕೆಯನ್ನು ಅಂದಾಜು ಮಾಡಬೇಕು; ಗಾಲಿ, ಗೇರು, ಬೋಲ್ಟುಗಳ ಬೇಡಿಕೆಯನ್ನು ಅಂದಾಜು ಮಾಡಬೇಕಿಲ್ಲ, ಟ್ರ್ಯಾಕ್ಟರಿನಿಂದ ಬಿಡಿಸಿ ತೆಗೆಯಬೇಕು. ಅಡುಗೆ ಭಟ್ಟರ ಪಟ್ಟಿ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಟ್ರ್ಯಾಕ್ಟರಿನದು ಹಾಗಲ್ಲ: ಸಾವಿರಾರು ಭಾಗ, ಒಂದೊಂದು ಭಾಗದೊಳಗೆ ಮತ್ತೆ ಉಪಭಾಗ, ಅವುಗಳಲ್ಲಿ ಎಷ್ಟೋ ಬೇರೆ ಬೇರೆ ಮಾದರಿಗಳಿಗೂ ಹೊಂದುವಂಥವು. ಕೈಯಲ್ಲಿ ಮಾಡಿದರೆ ಲೆಕ್ಕ ಮುಗಿಯುವ ಹೊತ್ತಿಗೆ ಋತುವೇ ಕಳೆದಿರುತ್ತದೆ. ಆಗತಾನೇ ಕಾರ್ಖಾನೆಗಳಿಗೆ ಬರುತ್ತಿದ್ದ ಕಂಪ್ಯೂಟರ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಇದಕ್ಕೆ ಎಂಆರ್‌ಪಿ ಎಂದು ಹೆಸರಾಯಿತು. ನಮ್ಮ ಬಿಸ್ಕತ್ ಪೊಟ್ಟಣದ ಮೇಲಿನ ಎಂಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಅದರ ಅರ್ಥ ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್. 1975ರಲ್ಲಿ ಓರ್ಲಿಕಿ ಇದರ ಮೇಲೆ ಬರೆದ ಪುಸ್ತಕ ಇಂದಿಗೂ ಉತ್ಪಾದನಾ ಎಂಜಿನಿಯರುಗಳ ಕೈಗೆ ಬರುತ್ತಿದೆ. ಅವರ ಸಮಕಾಲೀನ ಆಲಿವರ್ ವೈಟ್ ಮುಂದೆ ಇದಕ್ಕೆ ಯಂತ್ರಗಳ ಸಾಮರ್ಥ್ಯವನ್ನೂ ಹಣದ ಲೆಕ್ಕವನ್ನೂ ಸೇರಿಸಿ ಎಂಆರ್‌ಪಿ-2 ಎಂದು ಕರೆದರು.

ಕಾರ್ಖಾನೆಯ ಈ ಧಾರೆಗೆ ಹಣಕಾಸಿನ ಧಾರೆ ಬಂದು ಸೇರಿದ್ದು ಜರ್ಮನಿಯಲ್ಲಿ. 1972ರ ಏಪ್ರಿಲ್‌ನಲ್ಲಿ ಡೀಟ್ಮಾರ್ ಹಾಪ್, ಹಾಸೊ ಪ್ಲಾಟ್ನರ್, ಕ್ಲೌಸ್ ಚೀರಾ, ಕ್ಲೌಸ್ ವೆಲೆನ್‌ರಾಯ್ಟರ್, ಹಾನ್ಸ್-ವೆರ್ನರ್ ಹೆಕ್ಟರ್ ಎಂಬ ಐವರು ಐಬಿಎಂ ಕೆಲಸ ಬಿಟ್ಟು ಎಸ್‌ಎಪಿ ಕಟ್ಟಿದರು. ಅವರ ಮೊದಲ ಗಿರಾಕಿ ಓಸ್ಟ್ರಿಂಗನ್ ಎಂಬ ಊರಿನಲ್ಲಿದ್ದ ಐಸಿಐ ಕಂಪನಿಯ ನೈಲಾನ್ ನೂಲಿನ ಕಾರ್ಖಾನೆ. ಹೊಸ ಕಂಪನಿಗೆ ಸ್ವಂತ ಕಂಪ್ಯೂಟರ್ ಇರಲಿಲ್ಲ, ಅದು ಆಗಿನ ಕಾಲಕ್ಕೆ ಕೊಳ್ಳುವಂಥ ವಸ್ತುವೂ ಅಲ್ಲ. ಗಿರಾಕಿಯ ಕಂಪ್ಯೂಟರ್ ಕೋಣೆಯಲ್ಲೇ, ಅದು ಬಿಡುವಾಗಿರುವ ರಾತ್ರಿಗಳಲ್ಲಿ, ವಾರಾಂತ್ಯಗಳಲ್ಲಿ ಕೂತು ಬರೆದರು.

ಆವರೆಗಿನ ಕ್ರಮವೆಂದರೆ ಇಡೀ ದಿನದ ವ್ಯವಹಾರವನ್ನು ಪಂಚ್ ಕಾರ್ಡ್‌ಗಳಲ್ಲಿ ತೂತು ಹೊಡೆದು ಕಟ್ಟು ಕಟ್ಟಿ ಒಟ್ಟಿಗೆ ಯಂತ್ರಕ್ಕೆ ಕೊಡುವುದು, ಫಲಿತಾಂಶಕ್ಕೆ ಕಾಯುವುದು. ಮಾರಾಟದವರಿಗೆ ಒಂದು ಪ್ರೋಗ್ರಾಂ, ಲೆಕ್ಕದವರಿಗೆ ಇನ್ನೊಂದು. ಈ ಐವರು ಪರದೆಯ ಮುಂದೆ ಕೂತು ಬರೆದದ್ದು ಬರೆದ ಕೂಡಲೇ ಎಲ್ಲ ಖಾತೆಗಳಲ್ಲೂ ಕಾಣಬೇಕು ಎಂದರು. ತಮ್ಮ ತಂತ್ರಾಂಶದ ಹೆಸರಿನಲ್ಲಿ ಅವರು ಇಟ್ಟುಕೊಂಡ ‘ಆರ್’ ಅಕ್ಷರ ರಿಯಲ್ ಟೈಮ್ ಎಂಬುದರ ಗುರುತು. ಇನ್ನೊಂದು ದೂರದೃಷ್ಟಿಯೂ ಅವರಿಗಿತ್ತು. ಒಂದು ಕಾರ್ಖಾನೆಗೆ ಬರೆದದ್ದನ್ನೇ ಮುಂದಿನ ಕಾರ್ಖಾನೆಗೂ ಮಾರಬಹುದು, ಏಕೆಂದರೆ ಬಿಲ್ ಪಾಸು ಮಾಡುವ ರೀತಿ ನೈಲಾನಿಗೂ ಒಂದೇ, ಔಷಧಿಗೂ ಒಂದೇ. ಈಗ ಇದು ಸಾಮಾನ್ಯವೆನಿಸುತ್ತದೆ. ಪ್ರತಿ ಕಂಪನಿಯೂ ತನಗೆ ಬೇಕಾದ್ದನ್ನು ತಾನೇ ಬರೆಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ, ಸಿದ್ಧ ಉಡುಪಿನಂತೆ ಸಿದ್ಧ ತಂತ್ರಾಂಶ ಮಾರುವುದು ಧೈರ್ಯದ ಮಾತಾಗಿತ್ತು.

1979ರಲ್ಲಿ ಆರ್/2 ಬಂತು, 1992ರಲ್ಲಿ ಆರ್/3. ಮೊದಲನೆಯದಕ್ಕೆ ದೊಡ್ಡ ಮೇನ್‌ಫ್ರೇಮ್ ಬೇಕಿತ್ತು. ಎರಡನೆಯದು ಮೇಜಿನ ಮೇಲಿನ ಪಿಸಿಗಳನ್ನು ಸರ್ವರ್‌ಗೆ ಜೋಡಿಸಿ ನಡೆಯುತ್ತಿದ್ದರಿಂದ ಮಧ್ಯಮ ಗಾತ್ರದ ಕಂಪನಿಗಳಿಗೂ ಎಟುಕಿತು. ನಡುವೆ 1990ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಗಾರ್ಟ್ನರ್ ಈ ಜಾತಿಗೆ ಇಆರ್‌ಪಿ ಎಂದು ನಾಮಕರಣ ಮಾಡಿತು. ಒರಾಕಲ್, ಪೀಪಲ್‌ಸಾಫ್ಟ್, ಜೆ.ಡಿ. ಎಡ್ವರ್ಡ್ಸ್, ನೆದರ್ಲೆಂಡ್ಸ್‌ನ ಬಾನ್, ಚೆನ್ನೈನ ರಾಮ್ಕೊ ಎಲ್ಲರೂ ಕಣಕ್ಕಿಳಿದರು. 2000ನೇ ಇಸವಿ ಬಂದಾಗ ಎರಡಂಕಿಯ ಇಸವಿ ಇಟ್ಟುಕೊಂಡ ಹಳೆಯ ಪ್ರೋಗ್ರಾಂಗಳು ಕೈಕೊಡುತ್ತವೆ ಎಂಬ ಭಯ ಹರಡಿದಾಗ, ತೇಪೆ ಹಾಕುವುದಕ್ಕಿಂತ ಹೊಸದನ್ನೇ ಹಾಕೋಣ ಎಂದು ಎಷ್ಟೋ ಕಂಪನಿಗಳು ಈ ಕಡೆ ತಿರುಗಿದವು. ಆ ಅಲೆ ನಮ್ಮ ಊರಿಗೂ ಬಂತು. ಎಸ್‌ಎಪಿ 1998ರಲ್ಲಿ ಬೆಂಗಳೂರಿನಲ್ಲಿ ಲ್ಯಾಬ್ಸ್ ತೆರೆಯಿತು. ವೈಟ್‌ಫೀಲ್ಡ್‌ನಲ್ಲಿ ಬೆಳೆದ ಅದು ಜರ್ಮನಿಯ ಹೊರಗೆ ಆ ಕಂಪನಿಯ ಅತಿ ದೊಡ್ಡ ಸಂಶೋಧನಾ ಕೇಂದ್ರವಾಗಿದೆ. ದೇವನಹಳ್ಳಿಯಲ್ಲಿ 41 ಎಕರೆಯ ಇನ್ನೊಂದು ಕ್ಯಾಂಪಸ್ ಕೂಡ ಈಗ ಬಂದಿದೆ.

ಅದೇ ಕಾಲದಲ್ಲಿ ಎಚ್ಚರಿಕೆಯ ದನಿಯೂ ಕೇಳಿಬಂತು. ಅಮೆರಿಕದ ನಿರ್ವಹಣಾ ತಜ್ಞ ಥಾಮಸ್ ಡೇವನ್‌ಪೋರ್ಟ್ 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಲ್ಲಿ, ಈ ತಂತ್ರಾಂಶಗಳು ತಮ್ಮದೇ ತರ್ಕವನ್ನು ಕಂಪನಿಯ ಮೇಲೆ ಹೇರುತ್ತವೆ ಎಂದು ವಿವರಿಸಿದರು. ಆರ್/3ರಲ್ಲಿ ಕಂಪನಿ ತನ್ನ ರೀತಿನೀತಿಯನ್ನು ಹೇಳಿಕೊಳ್ಳಲು ತುಂಬಬೇಕಾದ ಕೋಷ್ಟಕಗಳೇ 3,000ಕ್ಕೂ ಹೆಚ್ಚು ಇದ್ದವು. ಕಂಪನಿಯಲ್ಲಿ ‘ಗಿರಾಕಿ’ ಎಂದರೆ ಯಾರು, ‘ಆರ್ಡರ್’ ಯಾವಾಗ ಆರ್ಡರ್ ಆಗುತ್ತದೆ, ಯಾರ ಸಹಿ ಎಷ್ಟು ಮೊತ್ತದವರೆಗೆ ನಡೆಯುತ್ತದೆ ಎಂದು ಅಲ್ಲಿಯವರೆಗೆ ಯಾರೂ ಕೂತು ಬರೆದಿಟ್ಟಿರಲಿಲ್ಲ. ಇಲಾಖೆಗೊಂದು ರೂಢಿ ನಡೆಯುತ್ತಿತ್ತು. ಕೋಷ್ಟಕ ತುಂಬಲು ಕೂತಾಗ ಮೊದಲ ಬಾರಿಗೆ ಉತ್ತರ ಕೊಡಬೇಕಾಯಿತು. ಅನೇಕ ಕಂಪನಿಗಳು ಈ ಕಷ್ಟದ ಕೆಲಸವನ್ನು ಕನ್ಸಲ್ಟೆಂಟರ ಕೈಗೆ ಒಪ್ಪಿಸಿ ಸುಮ್ಮನಾದವು. ದೊಡ್ಡ ಸೋಲುಗಳ ಬೀಜ ಬಿದ್ದದ್ದು ಅಲ್ಲಿ ಎಂಬುದು ನನ್ನ ನಿಲುವು.

ಚಾಕೊಲೇಟಿನ ಹರ್ಷೀಸ್ ಕಂಪನಿಯ ಕತೆ ಇಲ್ಲಿ ನೆನೆಯಬೇಕಾದದ್ದು. ಸುಮಾರು 11.2 ಕೋಟಿ ಡಾಲರ್ ವೆಚ್ಚದ ಹೊಸ ವ್ಯವಸ್ಥೆಗೆ ನಾಲ್ಕು ವರ್ಷ ಬೇಕೆಂದು ಅಂದಾಜಿತ್ತು. ಎರಡೂವರೆ ವರ್ಷದಲ್ಲಿ ಮುಗಿಸಲು ಹೊರಟರು. 1999ರ ಏಪ್ರಿಲ್‌ನಲ್ಲಿ ಆಗಬೇಕಿದ್ದ ಚಾಲನೆ ಜುಲೈಗೆ ಜಾರಿತು. ಅಮೆರಿಕದಲ್ಲಿ ಅಕ್ಟೋಬರ್ ಕೊನೆಗೆ ಹ್ಯಾಲೊವೀನ್ ಹಬ್ಬ, ಮಕ್ಕಳಿಗೆ ಮಿಠಾಯಿ ಹಂಚುವ ಹಬ್ಬ. ಜುಲೈನಿಂದಲೇ ಅಂಗಡಿಗಳ ಆರ್ಡರ್ ಶುರು. ದೀಪಾವಳಿಯ ಹಿಂದಿನ ವಾರ ಪಟಾಕಿ ಅಂಗಡಿಯವರು ಹೊಸ ಲೆಕ್ಕದ ಪುಸ್ತಕ ತೆರೆದಂತೆ. ಸುಮಾರು 10 ಕೋಟಿ ಡಾಲರ್ ಮೌಲ್ಯದ ಸರಕು ಅಂಗಡಿಗಳಿಗೆ ತಲುಪಲಿಲ್ಲ. ನೋವಿನ ಸಂಗತಿಯೆಂದರೆ ಚಾಕೊಲೇಟ್ ಇತ್ತು. ಹಬ್ಬದ ಕಾಲದಲ್ಲಿ ಉಗ್ರಾಣ ತುಂಬಿದಾಗ ಅಲ್ಲಿನ ಜನ ಅಲ್ಲಿ ಇಲ್ಲಿ ಖಾಲಿ ಜಾಗ ನೋಡಿ ಸರಕು ಇಡುತ್ತಿದ್ದರು, ಎಲ್ಲಿಟ್ಟಿದ್ದೇವೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಹೊಸ ತಂತ್ರಾಂಶಕ್ಕೆ ಆ ಜಾಗಗಳ ಹೆಸರು ಯಾರೂ ಹೇಳಿರಲಿಲ್ಲ ಎಂದು ಆಮೇಲೆ ಬಂದ ವರದಿಗಳು ತಿಳಿಸಿದವು. ತಂತ್ರಾಂಶದ ಪಾಲಿಗೆ ಆ ಸರಕು ಇರಲೇ ಇಲ್ಲ.

ಇಪ್ಪತ್ತಮೂರು ವರ್ಷಗಳ ನಂತರವೂ ಪಾಠ ಹಳತಾಗಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ 2022ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಎಸ್‌ಎಪಿ ತೆಗೆದು ಒರಾಕಲ್ ತಂತ್ರಾಂಶಕ್ಕೆ ಹೋಯಿತು. ಬ್ಯಾಂಕಿಗೆ ಬಂದ ಹಣವನ್ನು ಯಾವ ಖಾತೆಯದು ಎಂದು ಹೊಂದಿಸುವ ಭಾಗ ಕೆಟ್ಟು ನಿಂತಿತು. ಸಿಬ್ಬಂದಿ ಕೈಯಿಂದ ಹೊಂದಿಸುತ್ತ ಕೂರಬೇಕಾಯಿತು. ನಗರದ ಬಳಿ ಎಷ್ಟು ಹಣವಿದೆ ಎಂದು ಖಚಿತವಾಗಿ ಹೇಳುವುದೇ ಕಷ್ಟವಾಯಿತು. ಸುಮಾರು 1.9 ಕೋಟಿ ಪೌಂಡ್ ಎಂದುಕೊಂಡಿದ್ದ ವೆಚ್ಚದ ಅಂದಾಜು 10 ಕೋಟಿ ದಾಟಿತು. 2023ರ ಸೆಪ್ಟೆಂಬರ್‌ನಲ್ಲಿ ನಗರಾಡಳಿತ, ದುರ್ಬಲರ ರಕ್ಷಣೆ, ಕಾನೂನಿನಂತೆ ಕೊಡಲೇಬೇಕಾದ ಸೇವೆ ಬಿಟ್ಟು ಬೇರೆ ಹೊಸ ಖರ್ಚು ಮಾಡಲಾರೆ ಎಂದು ಘೋಷಿಸಿತು. ಅದಕ್ಕೆ ದೊಡ್ಡ ಕಾರಣ ಮಹಿಳಾ ನೌಕರರಿಗೆ ಕೊಡಬೇಕಿದ್ದ ಸಮಾನ ವೇತನದ ಬಾಕಿ. ಆದರೆ ಕಷ್ಟಕಾಲದಲ್ಲಿ ತನ್ನ ಲೆಕ್ಕವೇ ತನಗೆ ಕಾಣದಿರುವುದು ಎಂಥ ದುರವಸ್ಥೆ ಎಂಬುದನ್ನು ಆ ಊರು ಅನುಭವಿಸಿತು. ಗ್ರಂಥಾಲಯ, ಮಕ್ಕಳ ಸೇವೆ, ಬೀದಿದೀಪ ಎಲ್ಲದರ ಮೇಲೂ ಕತ್ತರಿ ಬಿತ್ತು. ಇಆರ್‌ಪಿ ಎಂದರೆ ಬರಿಯ ಕಂಪ್ಯೂಟರ್ ವಿಭಾಗದ ಕೆಲಸ ಎಂದುಕೊಳ್ಳುವವರು ಆ ಊರಿನ ಜನರನ್ನು ಒಮ್ಮೆ ನೆನೆಯಬೇಕು.

ಇಷ್ಟೆಲ್ಲ ದೊಡ್ಡವರ ಮಾತಾಯಿತು. ನಮ್ಮ ದೇಶದ ಬಹುಪಾಲು ವ್ಯಾಪಾರಿಗಳು ಇಆರ್‌ಪಿಯ ಜಗತ್ತಿಗೆ ಬಂದದ್ದು ಬೇರೆ ಬಾಗಿಲಿನಿಂದ, ಆ ಬಾಗಿಲು ಬೆಂಗಳೂರಿನಲ್ಲಿತ್ತು. ಮಿಲ್ಲು, ಕಾರ್ಖಾನೆಗಳಿಗೆ ಕಚ್ಚಾವಸ್ತು, ಬಿಡಿಭಾಗ ಒದಗಿಸುತ್ತಿದ್ದ ಶ್ಯಾಮಸುಂದರ ಗೋಯಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯಂಕಾ ಅವರಿಗೆ ಬರೆಯಲು ಹೇಳಿದರು. ಹೀಗೆ 1986ರಲ್ಲಿ ಹುಟ್ಟಿದ ಕಂಪನಿ ಪ್ಯೂಟ್ರಾನಿಕ್ಸ್, ಇಂದಿನ ಟ್ಯಾಲಿ. ಆಗಿನ ಲೆಕ್ಕದ ತಂತ್ರಾಂಶಗಳಲ್ಲಿ ಪ್ರತಿ ಖಾತೆಗೂ ಸಂಖ್ಯೆಯ ಕೋಡ್ ಕೊಟ್ಟು, ಅದನ್ನು ನೆನಪಿಟ್ಟುಕೊಂಡು ಬರೆಯಬೇಕಿತ್ತು. ಟ್ಯಾಲಿ ಕೋಡ್ ಕೇಳಲಿಲ್ಲ. ಕಿರ್ದಿ, ಖಾತೆ ಬರೆಯುವವರು ಪುಸ್ತಕದಲ್ಲಿ ಹೇಗೆ ಹೆಸರು ಬರೆಯುತ್ತಿದ್ದರೋ ಪರದೆಯಲ್ಲೂ ಹಾಗೆಯೇ ಬರೆದರೆ ಸಾಕು. ತಂತ್ರಾಂಶ ಬಳಸುವವರ ರೂಢಿಗೆ ಬಾಗಿದ ಅಪರೂಪದ ನಿದರ್ಶನ ಇದು. ಮುನೀಮರ ಮಕ್ಕಳು ಟ್ಯಾಲಿ ಕಲಿತರು, ತಾಲ್ಲೂಕು ಕೇಂದ್ರಗಳಲ್ಲೂ ‘ಟ್ಯಾಲಿ ಕಲಿಸಲಾಗುತ್ತದೆ’ ಎಂಬ ಬೋರ್ಡುಗಳು ಎದ್ದವು. 2009ರ ಟ್ಯಾಲಿ.ಇಆರ್‌ಪಿ 9ರ ಹೊತ್ತಿಗೆ ಹೆಸರಿನಲ್ಲೇ ಇಆರ್‌ಪಿ ಬಂದಿತ್ತು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳೂ ಅದರೊಳಗೆ ಇದ್ದವು.

ಭಾರತದಲ್ಲಿ ಈ ಕತೆ ಇನ್ನೊಂದು ತಿರುವನ್ನೂ ಪಡೆದಿದೆ. ಅದಕ್ಕೆ ಬರಬೇಕಾದಷ್ಟು ಗಮನ ಬಂದಿಲ್ಲ. ವ್ಯಾಟ್ ಕಾಲದಲ್ಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ‘ಇ-ಸುಗಮ’ ತಂದಿತ್ತು. ಸರಕು ಸಾಗಿಸುವ ಮೊದಲು ವಿವರವನ್ನು ಆನ್‌ಲೈನ್‌ನಲ್ಲಿ ತುಂಬಿ ಸಂಖ್ಯೆ ಪಡೆಯಬೇಕಿತ್ತು. ಜಿಎಸ್‌ಟಿ ಬಂದ ಮೇಲೆ ದೇಶಕ್ಕೆಲ್ಲ ಬಂದ ಇ-ವೇ ಬಿಲ್‌ಗೆ ಆ ಅನುಭವ ಮೇಲ್ಪಂಕ್ತಿಯಾಯಿತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಅದು ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅಂದೇ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಆಮೇಲೆ ಇ-ಇನ್‌ವಾಯ್ಸ್ ಬಂತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಶುರುವಾದ ನಿಯಮ, ಹಂತಹಂತವಾಗಿ ಇಳಿದು 2023ರ ಆಗಸ್ಟ್‌ಗೆ 5 ಕೋಟಿ ಮೀರಿದವರಿಗೂ ಬಂತು. ಈಗ ಅಂಥ ಕಂಪನಿಯೊಂದು ಇನ್ನೊಂದು ಕಂಪನಿಗೆ ಮಾಡುವ ಬಿಲ್, ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗಿ ಸಂಖ್ಯೆ, ಕ್ಯೂಆರ್ ಕೋಡ್ ಪಡೆದು ಬರುವವರೆಗೆ ಬಿಲ್ಲೇ ಅಲ್ಲ. ಹುಬ್ಬಳ್ಳಿಯ ಗೇಟಿನಿಂದ ಲಾರಿ ಹೊರಡಬೇಕಾದರೆ ಕಾರ್ಖಾನೆಯ ತಂತ್ರಾಂಶವೂ ಸರ್ಕಾರದ ತಂತ್ರಾಂಶವೂ ಕೆಲವು ಕ್ಷಣ ಮಾತಾಡಿಕೊಳ್ಳಬೇಕು. ಕಂಪನಿಯ ನಾಲ್ಕು ಗೋಡೆಯೊಳಗಿನ ಒಪ್ಪಂದವಾಗಿದ್ದ ಇಆರ್‌ಪಿಗೆ ತೆರಿಗೆ ಇಲಾಖೆಯೂ ಒಬ್ಬ ಪಾಲುದಾರನಾಗಿ ಬಂದಂತಾಯಿತು.

2023ರ ಏಪ್ರಿಲ್ 1ರಿಂದ ಇನ್ನೊಂದು ನಿಯಮ ಸೇರಿದೆ. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಯಾವ ನಮೂದನ್ನು ತಿದ್ದಿದರೂ ಯಾವಾಗ ತಿದ್ದಲಾಯಿತು ಎಂಬ ಜಾಡು ಉಳಿಯಲೇಬೇಕು, ಆ ದಾಖಲಾತಿಯನ್ನು ಆಫ್ ಮಾಡುವಂತಿರಬಾರದು. ಹಿಂದಿನ ತಾರೀಖಿನ ವೋಚರ್ ತೆರೆದು ಅಂಕಿ ಬದಲಿಸಿ ಏನೂ ಆಗದಂತೆ ಮುಚ್ಚುವ ಕಾಲ ಕಂಪನಿಗಳ ಮಟ್ಟಿಗೆ ಹೋಯಿತು. ಸಣ್ಣ ಕಂಪನಿಗಳಿಗೆ ಇದು ಹೊರೆ ಎಂಬ ದೂರಿನಲ್ಲಿ ನಿಜವಿದೆ. ಆದರೂ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ತೋರಿಸಲು ನಂಬಬಹುದಾದ ಪುಸ್ತಕ ಇರುವುದು ಎಂಥ ಬಲ ಎಂಬುದು ಸಣ್ಣ ಉದ್ಯಮಿಗಳಿಗೇ ಹೆಚ್ಚು ಗೊತ್ತು.

ದೊಡ್ಡ ತಂತ್ರಾಂಶಗಳ ಲೋಕದಲ್ಲಿ ಈ ನಡುವೆ ಮಾಲೀಕರು ಬದಲಾದರು. ಬಾನ್ ಕುಸಿದು ಕೈಯಿಂದ ಕೈಗೆ ಹೋಯಿತು, ಜೆ.ಡಿ. ಎಡ್ವರ್ಡ್ಸ್ ಕಂಪನಿಯನ್ನು ಪೀಪಲ್‌ಸಾಫ್ಟ್ ಕೊಂಡಿತು, ಪೀಪಲ್‌ಸಾಫ್ಟನ್ನು 2005ರಲ್ಲಿ ಒರಾಕಲ್ 1,030 ಕೋಟಿ ಡಾಲರ್‌ಗೆ ಕೊಂಡಿತು. ಇನ್ನೊಂದು ದಾರಿಯನ್ನು ಮುಕ್ತ ತಂತ್ರಾಂಶದವರು ಹಿಡಿದರು. ಮುಂಬೈನಲ್ಲಿ ರುಷಭ್ ಮೆಹ್ತಾ ಶುರುಮಾಡಿದ ಇಆರ್‌ಪಿನೆಕ್ಸ್ಟ್ ಅಂಥದ್ದು: ಲೈಸೆನ್ಸ್ ಹಣವಿಲ್ಲ, ಒಳಗಿನ ಕೋಡ್ ಯಾರಾದರೂ ನೋಡಬಹುದು, ತಿದ್ದಬಹುದು. ಬೆಂಗಳೂರಿನ ಷೇರು ವಹಿವಾಟು ಕಂಪನಿ ಝೆರೋಧಾ ಇದನ್ನು ಬಳಸುತ್ತದೆ, ಇದರಲ್ಲಿ ಹಣವನ್ನೂ ತೊಡಗಿಸಿದೆ. ಕೈಯಲ್ಲಿ ಇಬ್ಬರು ಮೂವರು ಒಳ್ಳೆಯ ಪ್ರೋಗ್ರಾಮರ್‌ಗಳಿರುವ ಸಣ್ಣ ಕಂಪನಿಗಳಿಗೆ ಇದು ನಿಜವಾದ ಬಿಡುಗಡೆ.

ಮುಂದೇನು ಎಂಬುದಕ್ಕೆ ಬರುವ ಮೊದಲು ಒಳಗೆ ಆಗಿರುವ ಒಂದು ಬದಲಾವಣೆ ಹೇಳಬೇಕು. ಒಮ್ಮೆ ಬರೆದರೆ ಎಲ್ಲರಿಗೂ ಎಂದು ಹೊರಟ ಎಸ್‌ಎಪಿಯೊಳಗೂ ದಶಕಗಳ ಕಾಲ ಹಲವು ಪುಸ್ತಕಗಳಿದ್ದವು. ಡಿಸ್ಕಿನಿಂದ ಓದುವುದು ನಿಧಾನವಾದ್ದರಿಂದ, ವರದಿ ಬೇಗ ಸಿಗಲೆಂದು ಮೊತ್ತಗಳನ್ನು ಮೊದಲೇ ಕೂಡಿಸಿ ಬೇರೆ ಬೇರೆ ಕೋಷ್ಟಕಗಳಲ್ಲಿ ಇಡಬೇಕಿತ್ತು. ಹಣಕಾಸಿನವರ ಕೋಷ್ಟಕ ಬೇರೆ, ವೆಚ್ಚ ನಿಯಂತ್ರಣದವರದು ಬೇರೆ. ಅವುಗಳನ್ನು ಮತ್ತೆ ತಾಳೆ ನೋಡಬೇಕಿತ್ತು! ಹಾಸೊ ಪ್ಲಾಟ್ನರ್ ಇಳಿವಯಸ್ಸಿನಲ್ಲಿ ಇದರ ಹಿಂದೆ ಬಿದ್ದರು. ಎಲ್ಲ ದತ್ತಾಂಶವನ್ನೂ ಡಿಸ್ಕಿನ ಬದಲು ಕಂಪ್ಯೂಟರಿನ ಮೆಮರಿಯಲ್ಲೇ ಇಟ್ಟರೆ ಬೇಕೆಂದಾಗ ಕೂಡಿಸಿಕೊಳ್ಳಬಹುದಲ್ಲ ಎಂಬ ಯೋಚನೆಯಿಂದ ಹಾನಾ ಎಂಬ ಡೇಟಾಬೇಸ್ ಹುಟ್ಟಿತು. ಅದರ ಮೇಲೆ 2015ರಲ್ಲಿ ಬಂದ ಎಸ್/4ಹಾನಾದಲ್ಲಿ ಹಣಕಾಸು, ವೆಚ್ಚ ಎರಡೂ ಒಂದೇ ದಿನಚರಿ ಪುಸ್ತಕಕ್ಕೆ ಬಂದವು. ಓಸ್ಟ್ರಿಂಗನ್‌ನ ರಾತ್ರಿಗಳಲ್ಲಿ ಹೊರಟ ಮಾತು ಪೂರ್ತಿಯಾಗಲು ನಾಲ್ಕು ದಶಕಕ್ಕೂ ಹೆಚ್ಚು ಬೇಕಾಯಿತು.

ಈಗ ಜಗತ್ತಿನ ಸಾವಿರಾರು ಕಂಪನಿಗಳ ಎದುರಿಗೆ ಒಂದು ಗಡುವಿದೆ. ಎಸ್‌ಎಪಿ ತನ್ನ ಹಿಂದಿನ ತಲೆಮಾರಿನ ಇಸಿಸಿ ತಂತ್ರಾಂಶದ ಸಾಮಾನ್ಯ ನಿರ್ವಹಣೆಯನ್ನು 2027ರ ಕೊನೆಗೆ ನಿಲ್ಲಿಸುವುದಾಗಿ ಹೇಳಿದೆ. ಹೆಚ್ಚು ಹಣ ಕೊಟ್ಟರೆ 2030ರವರೆಗೆ. ಹೊಸದಕ್ಕೆ ಹೋಗುವುದು ಎಂದರೆ ಬಹುಮಟ್ಟಿಗೆ ಕ್ಲೌಡ್‌ಗೆ ಹೋಗುವುದು. ಅಲ್ಲಿ ಮಾರುವವರೇ ತಂತ್ರಾಂಶ ನಡೆಸುತ್ತಾರೆ, ಮೇಲಿಂದ ಮೇಲೆ ಹೊಸ ಆವೃತ್ತಿ ಹಾಕುತ್ತಾರೆ. ಹಾಗಾಗಿ ಒಳಗಿನ ಕೋಡ್ ಮುಟ್ಟಬೇಡಿ, ನಿಮಗೆ ಬೇಕಾದ ವಿಶೇಷಗಳನ್ನು ಹೊರಗೆ ಕಟ್ಟಿ ಜೋಡಿಸಿ ಎಂಬುದು ಈಗಿನ ಸೂತ್ರ. ಲಿಡ್ಲ್ ಮಾಡಿದಂಥ ತಿದ್ದುಪಡಿಗೆ ಅಲ್ಲಿ ಜಾಗ ಕಡಿಮೆ. ಇದರಿಂದ ಖರ್ಚು, ತಲೆನೋವು ಇಳಿಯಬಹುದು. ಆದರೆ ಒಂದು ಕಂಪನಿಯ ವಿಶೇಷವೇ ಅದರ ರೂಢಿಯಲ್ಲಿ ಅಡಗಿದ್ದರೆ, ಎಲ್ಲರಂತೆ ಆಗುವುದು ಲಾಭವೇ ನಷ್ಟವೇ ಎಂದು ಆ ಕಂಪನಿಯೇ ತೂಗಬೇಕು. ಆ ನಿರ್ಧಾರವನ್ನು ಮಾರುವವರಿಗೆ ಬಿಟ್ಟುಕೊಡುವುದು ತಪ್ಪು.

ಕೃತಕ ಬುದ್ಧಿಮತ್ತೆಯ ಮಾತು ಎಲ್ಲೆಡೆ ಇರುವಂತೆ ಇಲ್ಲೂ ಇದೆ. ಎಸ್‌ಎಪಿ 2023ರಲ್ಲಿ ಜೂಲ್ ಎಂಬ ಸಹಾಯಕವನ್ನು ಹೊರತಂದಿತು. ಒರಾಕಲ್, ಮೈಕ್ರೊಸಾಫ್ಟ್ ಕೂಡ ಹಿಂದೆ ಬಿದ್ದಿಲ್ಲ. ಪಿಡಿಎಫ್ ಬಿಲ್ ಓದಿ ಆರ್ಡರಿನೊಂದಿಗೆ ಹೊಂದಿಸುವುದು, ಬ್ಯಾಂಕಿಗೆ ಬಂದ ಹಣ ಯಾರದ್ದೆಂದು ಗುರುತಿಸುವುದು ಇಂಥ ಕೆಲಸಗಳಲ್ಲಿ ಯಂತ್ರ ಈಗಾಗಲೇ ಪಳಗಿದೆ. ಮುಂದಿನ ಹಂತದಲ್ಲಿ ‘ಏಜೆಂಟ್’ಗಳು ತಾವೇ ಕೊರತೆ ಗುರುತಿಸಿ, ಮೂವರು ಪೂರೈಕೆದಾರರಿಂದ ದರ ತರಿಸಿ, ಆರ್ಡರ್ ಕಳಿಸುತ್ತವೆ ಎನ್ನುತ್ತಾರೆ. ಆಗಬಹುದು. ಆದರೆ ಕಚೇರಿಗಳಲ್ಲಿ ಹಳೆಯ ಒಂದು ಕಟ್ಟುಪಾಡಿದೆ: ಆರ್ಡರ್ ಕೊಡುವವರೇ ಸರಕು ಎಣಿಸಬಾರದು, ಎಣಿಸಿದವರೇ ಬಿಲ್ ಪಾಸು ಮಾಡಬಾರದು. ನಮ್ಮ ಹಿರಿಯ ಗುಮಾಸ್ತರು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಕಟ್ಟುಪಾಡು ಅದು. ಮೂರೂ ಕೆಲಸವನ್ನು ಒಂದೇ ಕಂಪನಿಯ ಏಜೆಂಟ್‌ಗಳು ಮಾಡುವಾಗ ಯಾರು ಯಾರನ್ನು ಕಾಯುತ್ತಾರೆ, ತಪ್ಪಾದರೆ ಯಾರ ಸಹಿ ಎಂಬುದನ್ನು ಈಗಲೇ ಬರೆದಿಡಬೇಕು.

ಈ ಹೊಸ ಕಾಲ ಒಂದು ಒಳ್ಳೆಯದನ್ನು ತರಬಲ್ಲದು. ಇಷ್ಟು ವರ್ಷ ಇಆರ್‌ಪಿಯ ಪರದೆ ಎಂದರೆ ಇಂಗ್ಲಿಷಿನ ಚುಟುಕು ಪದಗಳು, ನಾಲ್ಕಕ್ಷರದ ಗುಪ್ತ ಸಂಕೇತಗಳು. ಸ್ಟೋರ್ಸ್‌ನಲ್ಲಿ ಮೂವತ್ತು ವರ್ಷ ದುಡಿದವರು, ಕೈಯಲ್ಲಿ ಹಿಡಿದರೆ ಬೋಲ್ಟಿನ ಅಳತೆ ಹೇಳಬಲ್ಲವರು, ಈ ಪರದೆಯ ಮುಂದೆ ಅನಕ್ಷರಸ್ಥರಂತೆ ನಿಲ್ಲಬೇಕಾಯಿತು. ನಿನ್ನೆ ಬಂದ ಹುಡುಗರ ಕೈ ಕಾಯಬೇಕಾಯಿತು. ಅದು ಅನ್ಯಾಯವಾಗಿತ್ತು. ‘ಇಪ್ಪತ್ತು ಪೀಸು ಕಡಿಮೆ ಬಂದಿದೆ, ಎರಡಕ್ಕೆ ತುಕ್ಕು ಹಿಡಿದಿದೆ’ ಎಂದು ಗೇಟಿನಲ್ಲಿ ನಿಂತು ಕನ್ನಡದಲ್ಲಿ ಹೇಳಿದರೆ ಸಾಕು, ಲೆಕ್ಕ ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ಕೂರುವಂತೆ ಮಾಡಲು ಬೇಕಾದ ತಂತ್ರಜ್ಞಾನ ಈಗ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಅದನ್ನು ಕಟ್ಟಬಲ್ಲವರು ವೈಟ್‌ಫೀಲ್ಡ್‌ನಲ್ಲೂ ದೇವನಹಳ್ಳಿಯಲ್ಲೂ ಇದ್ದಾರೆ. ಕೇಳುವವರು ಬೇಕು.

ಅಲ್ಲಿಯವರೆಗೆ ಮಾಡಬೇಕಾದ ಕೆಲಸವೊಂದು ಬಾಕಿ ಇದೆ, ಅದನ್ನು ಯಂತ್ರಕ್ಕೆ ಪೂರ್ತಿ ಬಿಡಲಾಗದು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಹೋಗುವ ಕಂಪನಿಗಳಲ್ಲಿ ಮೊದಲು ಸಾಮಾನುಗಳ ಪಟ್ಟಿ ಶುದ್ಧವಾಗಬೇಕು. ಒಂದೇ ಬೋಲ್ಟು ಒಂದು ಕಡೆ ‘ಬೋಲ್ಟ್ ಎಂ10’, ಇನ್ನೊಂದು ಕಡೆ ‘ಎಂ10 ಹೆಕ್ಸ್’, ಮತ್ತೊಂದು ಕಡೆ ‘10 ಎಂಎಂ ಬೋಲ್ಟ್’ ಎಂದು ಮೂರು ನಂಬರುಗಳಲ್ಲಿ ಕೂತಿರುತ್ತದೆ. ಹಾಗೆಯೇ ಬಿಟ್ಟರೆ ನಾಳೆಯ ಜಾಣ ಏಜೆಂಟ್ ಒಂದರ ದಾಸ್ತಾನು ಮುಗಿದಿದೆ ಎಂದು ಹೊಸದಾಗಿ ತರಿಸುತ್ತದೆ, ಇನ್ನೆರಡರ ರಾಶಿ ಪಕ್ಕದ ಕಪಾಟಿನಲ್ಲೇ ಇದ್ದರೂ. ಅದಕ್ಕೆಂದೇ ಕಾನ್ಫರೆನ್ಸ್ ಕೋಣೆಗಳಲ್ಲಿ ಎಕ್ಸೆಲ್ ಹಾಳೆಗಳ ಸಾವಿರಾರು ಸಾಲುಗಳನ್ನು ಪರದೆಯ ಮೇಲೆ ಹಾಕಿಕೊಂಡು ಜನ ಕೂತಿರುತ್ತಾರೆ. ಮೂರೂ ಸಾಲು ಒಂದೇ ಎಂದು ಪ್ರೋಗ್ರಾಂ ಹೇಳುತ್ತದೆ. ಸ್ಟೋರ್ಸ್‌ನ ಹಿರಿಯರು ಎದ್ದು ಹೋಗಿ ಮೂರು ಬೋಲ್ಟು ತಂದು ಮೇಜಿನ ಮೇಲಿಟ್ಟು, ಎರಡನ್ನು ಒಂದೆಡೆ ಸರಿಸಿ, ಮೂರನೆಯದರ ಮರೆಯ ಸುತ್ತು ಬೆರಳಿನಿಂದ ಸವರಿ, ಇದು ಬೇರೆ ಎನ್ನುತ್ತಾರೆ.